ಇನ್ನೂರು ಜನಕ್ಕೊಬ್ಬ ಮೇಯರ್ ಏಕೆ?

ಪತ್ರ: “ನಾರ್ವೆಯ ಉಟ್ಸಿರಾ ದ್ವೀಪದಲ್ಲಿರುವುದೇ ಸುಮಾರು ಇನ್ನೂರು ಜನವಂತೆ. ಅವರಿಗೂ ಒಬ್ಬ ಮೇಯರ್, ಒಂದು ಪುರಸಭೆ! ಪಕ್ಕದ ದೊಡ್ಡ ಊರಿಗೆ ಸೇರಿಸಿಬಿಟ್ಟರೆ ದುಡ್ಡು ಉಳಿಯುವುದಿಲ್ಲವೆ? ಅಷ್ಟಕ್ಕೂ ಅಲ್ಲಿ ನೋಡುವಂಥದ್ದೇನಿದೆ?”
- ಒಬ್ಬ ಓದುಗರು, ದಾವಣಗೆರೆ

ಸಂಪಾದಕರ ಉತ್ತರ: ಖರ್ಚಿನ ಮಾತು ನಿಜ. ತಲೆಗಿಷ್ಟು ಎಂದು ಭಾಗಿಸಿದರೆ ಉಟ್ಸಿರಾ ದುಬಾರಿಯೇ, ಸರ್ಕಾರದ ಅನುದಾನವಿಲ್ಲದೆ ನಡೆಯದು. ಒಪ್ಪಿದೆ. ಆದರೆ ಸ್ವಾಮಿ, ನಿಮ್ಮ ಆ ‘ಪಕ್ಕದ ಊರು’ ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿದಿರಾ? ಹತ್ತಿರದ ಪಟ್ಟಣ ಹೌಗೆಸುಂಡ್. ಅಲ್ಲಿಂದ ತೆರೆದ ಉತ್ತರ ಸಮುದ್ರದಲ್ಲಿ ಗಂಟೆಗೂ ಮೀರಿದ ಫೆರಿ ಪ್ರಯಾಣ. ದ್ವೀಪವೆಂದರೆ ಆರು ಚದರ ಕಿಲೋಮೀಟರ್ ಬಂಡೆ, ನಡುವೆ ಹುಲ್ಲಿನ ತಗ್ಗು, ಉತ್ತರಕ್ಕೊಂದು ಬಂದರು, ದಕ್ಷಿಣಕ್ಕೊಂದು. ಹತ್ತೊಂಬತ್ತನೇ ಶತಮಾನದಲ್ಲಿ ಹೆರಿಂಗ್ ಮೀನಿನ ಸುಗ್ಗಿ ಬಂದಾಗ ದೋಣಿಗಳು ಇಲ್ಲಿ ಮುತ್ತುತ್ತಿದ್ದವು. ಮೀನು ದಿಕ್ಕು ಬದಲಿಸಿದ ಮೇಲೂ ಜನ ಉಳಿದರು.

ಇದು ಮೊದಲು ಟೊರ್ವಾಸ್ಟಾಡ್ ಪುರಸಭೆಯ ಬಾಲವಾಗಿತ್ತು. 1924ರಲ್ಲಿ ಬೇರೆಯಾಯಿತು. ಮರುವರ್ಷದ ಚುನಾವಣೆಯಲ್ಲಿ ಹನ್ನೆರಡು ಸ್ಥಾನಗಳ ಪೈಕಿ ಹನ್ನೊಂದಕ್ಕೆ ಹೆಂಗಸರೇ ಗೆದ್ದರು! 1926ರಲ್ಲಿ ಸೂಲಗಿತ್ತಿ ಆಸಾ ಹೆಲ್ಗೆಸೆನ್ ಮೇಯರ್ ಆದರು. ಇಡೀ ನಾರ್ವೆಯ ಮೊದಲ ಮಹಿಳಾ ಮೇಯರ್ ಅವರು. ಬಾಲವಾಗಿಯೇ ಉಳಿದಿದ್ದರೆ ಅಷ್ಟು ದೂರದ ದ್ವೀಪದ ಸೂಲಗಿತ್ತಿಯನ್ನು ಆ ಕುರ್ಚಿಗೆ ಯಾರು ಕರೆಯುತ್ತಿದ್ದರು, ನೀವೇ ಹೇಳಿ. ಅತ್ತ ಟೊರ್ವಾಸ್ಟಾಡ್ 1965ರಲ್ಲಿ ಇನ್ನಾರು ಪುರಸಭೆಗಳ ಜೊತೆ ಹೊಸ ಪುರಸಭೆಯಾದ ಕಾರ್ಮೋಯ್‌ನೊಳಗೆ ಕರಗಿಹೋಯಿತು. ತಾಯಿ ಹೋದಳು, ಮಗಳು 2024ರಲ್ಲಿ ನೂರು ತುಂಬಿಸಿಕೊಂಡಳು.

ನಾರ್ವೆಯ ಕಾನೂನಿನಲ್ಲಿ ನನಗಿಷ್ಟವಾದ ಸಂಗತಿಯೊಂದಿದೆ. ಶಾಲೆ, ವೈದ್ಯ, ಮುದುಕರ ಆರೈಕೆ: ಏಳು ಲಕ್ಷ ಜನರ ಓಸ್ಲೋಗೆ ಏನು ಹೊಣೆಯೋ ಈ ಇನ್ನೂರು ಜನರಿಗೂ ಅದೇ ಹೊಣೆ. ಅನುದಾನ ಹಂಚುವಾಗ ಐದು ಸಾವಿರ ಜನರನ್ನು ತಲುಪಲು ಊರಿನವರು ಎಷ್ಟು ದೂರ ಹೋಗಬೇಕು, ಅಂದರೆ ಸುತ್ತಲ ವಸತಿ ಎಷ್ಟು ವಿರಳ ಎಂದೂ ಅಳೆದದ್ದುಂಟು. ಬೇಕೆಂದೇ ಸಣ್ಣದಾಗಿ ಉಳಿದವರು ಬೇರೆ, ಭೂಗೋಳವೇ ಸಣ್ಣದಾಗಿಸಿದವರು ಬೇರೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ನೀವು ಒಪ್ಪುವುದಿಲ್ಲವೆಂದರೆ ಹೇಗೆ?

ಆದರೆ ಕ್ಯಾಲ್ಕುಲೇಟರ್ ಹಿಡಿದವರ ಕೈ ಎಲ್ಲಿಯೂ ಸುಮ್ಮನಿರದು. 1960ರ ದಶಕದಲ್ಲಿ ಏಳುನೂರಕ್ಕೂ ಹೆಚ್ಚಿದ್ದ ಪುರಸಭೆಗಳನ್ನು ಸುಮಾರು 450ಕ್ಕೆ ಇಳಿಸಿದರು. ಈಚೆಗೆ ತಜ್ಞರ ಸಮಿತಿ ಕನಿಷ್ಠ ಹದಿನೈದು ಇಪ್ಪತ್ತು ಸಾವಿರ ಜನವಿರಲಿ ಎಂದಿತು. 2020ಕ್ಕೆ 356 ಉಳಿದವು. ಕರಾವಳಿಯ ಹಾರಾಮ್ ಪುರಸಭೆಯನ್ನು ಪಕ್ಕದ ಓಲೆಸುಂಡ್‌ಗೆ ಸೇರಿಸಿದರು. ಜನ ಪಟ್ಟು ಬಿಡಲಿಲ್ಲ, 2024ರಲ್ಲಿ ಅದು ಮತ್ತೆ ಬೇರೆಯಾಯಿತು. ಓಸ್ಲೋ ಸುತ್ತಲ ಜಿಲ್ಲೆಗಳನ್ನು ಕೂಡಿಸಿ ಕಟ್ಟಿದ ವಿಕೆನ್ ಎಂಬ ದೊಡ್ಡ ಜಿಲ್ಲೆ ನಾಲ್ಕೇ ವರ್ಷಕ್ಕೆ ಒಡೆಯಿತು. ಕೂಡಿಸಲು ಒಂದು ಖರ್ಚು, ಬಿಡಿಸಲು ಇನ್ನೊಂದು. ಆ ದುಡ್ಡಿನ ಲೆಕ್ಕವನ್ನು ನಿಮ್ಮಂಥ ಉಳಿತಾಯಪ್ರಿಯರು ಕೇಳುವುದೇ ಇಲ್ಲ.

ನೋಡಲು ಏನಿದೆ ಎಂದಿರಿ. 1844ರ ದೀಪಸ್ತಂಭವಿದೆ. ಗಾಳಿಯ ವಿದ್ಯುತ್ತನ್ನು ಹೈಡ್ರೋಜನ್ ಆಗಿ ಕೂಡಿಟ್ಟು, ಗಾಳಿ ನಿಂತಾಗ ಹತ್ತು ಮನೆಗಳಿಗೆ ಕೊಡುವ ಪ್ರಯೋಗ 2004ರಲ್ಲಿ ಶುರುವಾದದ್ದೂ ಇಲ್ಲಿಯೇ. ಮುನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಹೋಗುವುದಾದರೆ ವಲಸೆ ಹಕ್ಕಿಗಳು ಇಳಿಯುವ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಬೈನಾಕ್ಯುಲರ್ ಮರೆಯಬೇಡಿ.