ಡೊಬುಟಮಿನ್ ಎಕೋ ಟೆಸ್ಟ್‌ಗೆ ಮುಂಚೆ ಬಿಪಿ ಮಾತ್ರೆ ನಿಲ್ಲಿಸಲು ಯಾಕೆ ಹೇಳುತ್ತಾರೆ?

ಎಲ್ಲ ಬಿಪಿ ಮಾತ್ರೆ ಅಲ್ಲ, ಮುಖ್ಯವಾಗಿ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬೀಟಾ ಬ್ಲಾಕರ್‌ಗಳು. ಅವು ಹೃದಯದ ಬಡಿತ ಇಳಿಸುತ್ತವೆ, ಟೆಸ್ಟ್‌ಗೆ ಬೇಕಾಗಿರುವುದು ಅದರ ಉಲ್ಟಾ. ಟ್ರೆಡ್‌ಮಿಲ್ ಮೇಲೆ ಓಡಲಾಗದವರಿಗೆ ಡೊಬುಟಮಿನ್ ಅನ್ನೋ ಔಷಧಿಯನ್ನು ಡ್ರಿಪ್‌ನಲ್ಲಿ ಬಿಟ್ಟು, ಓಡಿದಾಗ ಆಗುವ ಹಾಗೆ ಬಡಿತ ಏರಿಸಿ, ಹೃದಯದ ಗೋಡೆ ಎಲ್ಲಾದರೂ ಸರಿಯಾಗಿ ಕುಗ್ಗುತ್ತಿಲ್ಲವಾ ಅಂತ ಸ್ಕ್ಯಾನ್‌ನಲ್ಲಿ ನೋಡುತ್ತಾರೆ. 60 ವರ್ಷದವರಿಗೆ ನಿಮಿಷಕ್ಕೆ ಸುಮಾರು 136 ಬಡಿತ ಮುಟ್ಟಬೇಕು. ಬೀಟಾ ಬ್ಲಾಕರ್ ನುಂಗಿದ್ದರೆ, ಬಡಿತ ಏರಿಸಲು ಡೊಬುಟಮಿನ್ ಒತ್ತಬೇಕಾದ ಗುಂಡಿಯನ್ನೇ ಅದು ಮುಚ್ಚಿರುತ್ತದೆ. ಬಡಿತ ಸಾಕಷ್ಟು ಏರದಿದ್ದರೆ, ಹೃದಯದ ರಕ್ತನಾಳದಲ್ಲಿ ಅಡಚಣೆ ಇದ್ದರೂ ಕಾಣದೆ ಹೋಗಬಹುದು.

ಆದರೆ ಸುಮ್ನೆ ನೀವೇ ನಿಲ್ಲಿಸಬೇಡಿ. ಯಾವ ಮಾತ್ರೆ, ಎಷ್ಟು ದಿನ ಅಂತ ಡಾಕ್ಟರೇ ಹೇಳಬೇಕು.

ಹಾಗೇ, ಟೆಸ್ಟ್‌ಗೆ ಅಂತ ದಾವಣಗೆರೆಗೆ ಬಂದವರು ಬಸ್ ಇಳಿದ ಕೂಡಲೇ ಬೆಣ್ಣೆ ದೋಸೆಗೆ ಕೂರಬೇಡಿ. ಸಾಮಾನ್ಯವಾಗಿ 4 ಗಂಟೆ ಹೊಟ್ಟೆ ಖಾಲಿ ಇರಬೇಕು, ಇಲ್ಲಾಂದ್ರೆ ವಾಕರಿಕೆ ಜಾಸ್ತಿ.