6ನೇ ತರಗತಿಯ ಮಗಳ ಪ್ರಗತಿ ಪತ್ರದಲ್ಲಿ ಗಣಿತಕ್ಕೆ ‘ಬಿ+’ ಬಂದಿದೆ. ಇದರ ಅರ್ಥವೇನು?

ಮೊದಲು ಗಾಬರಿ ಬಿಡಿ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ‘ಬಿ+’ ಅಂದರೆ ನೂರಕ್ಕೆ 50ರಿಂದ 69 ಅಂಕ. 70 ಬಂದರೆ ‘ಎ’, 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ‘ಎ+’. ಅಂದರೆ 69 ಪಡೆದ ಮಗುವಿಗೂ 50 ಪಡೆದ ಮಗುವಿಗೂ ಒಂದೇ ಗ್ರೇಡ್. ಹಾಗಾಗಿ ಬರೀ ಅಕ್ಷರ ನೋಡಬೇಡಿ, ಪಕ್ಕದ ಅಂಕ ನೋಡಿ.

ಆಮೇಲೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಕಾಲಂಗಳನ್ನು ಬೇರೆ ಬೇರೆಯಾಗಿ ಓದಿ. ವರ್ಷಕ್ಕೆ ನಾಲ್ಕು ಎಫ್‌ಎ, ತಲಾ 15 ಅಂಕ. ಎರಡು ಎಸ್‌ಎ, ತಲಾ 20. ಎಫ್‌ಎಯಲ್ಲಿ ಚಟುವಟಿಕೆ, ಕಿರು ಪರೀಕ್ಷೆ ಎಲ್ಲ ಸೇರಿರುತ್ತದೆ. ಎಸ್‌ಎ ಅಂದರೆ ಅರ್ಧ ವರ್ಷದ ದೊಡ್ಡ ಪರೀಕ್ಷೆ. ಎಫ್‌ಎಯಲ್ಲಿ ಚೆನ್ನಾಗಿ ಮಾಡಿ ಎಸ್‌ಎಯಲ್ಲಿ ಕುಸಿದಿದ್ದರೆ, ಪಾಠ ಅರ್ಥವಾಗಿದೆ ಆದರೆ ಬರೆಯುವ ವೇಗ ಸಾಲದು ಅಥವಾ ಪರೀಕ್ಷೆಯ ಭಯ ಇದೆ ಅಂತಿರಬಹುದು. ಎರಡರಲ್ಲೂ ಕಡಿಮೆ ಇದ್ದರೆ ಹಿಂದಿನ ತರಗತಿಯದ್ದೇ ಏನೋ ಬಾಕಿ ಉಳಿದಿರಬಹುದು. ಗಣಿತದಲ್ಲಿ ಇದು ಜಾಸ್ತಿ. ಭಾಗಾಕಾರ ಗಟ್ಟಿಯಾಗದ ಮಗು ಭಿನ್ನರಾಶಿಯಲ್ಲಿ ಒದ್ದಾಡುತ್ತದೆ, ಅಲ್ವಾ?

ಸಹಪಠ್ಯ ವಿಷಯಗಳ ಪುಟವನ್ನೂ ಓದಿ. ನಾವು ಅದನ್ನು ಸುಮ್ನೆ ಮಡಚಿ ಇಟ್ಟುಬಿಡುತ್ತೇವೆ.

ಪಕ್ಕದ ಮನೆ ಮಗುವಿನ ಅಂಕಕ್ಕೆ ಹೋಲಿಸಬೇಡಿ, ದಯವಿಟ್ಟು. ಹೋಲಿಸಲೇಬೇಕಾದರೆ ಅವಳದೇ ಹಿಂದಿನ ಎಫ್‌ಎಗೆ ಹೋಲಿಸಿ. ಪೋಷಕರ ಸಭೆಯಲ್ಲಿ ಟೀಚರ್ ಹತ್ತಿರ ಉತ್ತರ ಪತ್ರಿಕೆ ಕೇಳಿ, ಮಗಳ ಜೊತೆ ಕೂತು ನೋಡಿ. ಯಾವ ಲೆಕ್ಕದ ಯಾವ ಹಂತದಲ್ಲಿ ತಪ್ಪಿದ್ದಾಳೆ ಅನ್ನೋದು ಅಲ್ಲೇ ಸಿಗುತ್ತದೆ.