ದ್ರಾಕ್ಷಿ ವಿನೆಗರ್ ಡಬ್ಬದ ಬಿಳಿ ಪೊರೆ

ಪ್ರಶ್ನೆ: ನಮ್ಮ ತೋಟದ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಮಂಡಿಗೆ ಹೋಗದೆ ಉಳಿದ ಹಣ್ಣಿನಿಂದ ಮನೆಬಳಕೆಗೆ ವಿನೆಗರ್ ಮಾಡುತ್ತೇನೆ. ಇದಕ್ಕೆ ಬಳಸುವುದು ತಳದಲ್ಲಿ ನಲ್ಲಿಯಿರುವ 20 ಲೀಟರಿನ ಪ್ಲಾಸ್ಟಿಕ್ ಡಬ್ಬ. ಪ್ರತಿ ಸಲವೂ ತಂತಿ ನಾರಿನಿಂದ ಉಜ್ಜಿ, ಕೊನೆಗೆ ಬ್ಲೀಚ್ ಸುರಿದು ತೊಳೆದರೂ ಒಳಗಿನ ಬಿಳಿ ಪೊರೆ ಹೋಗುವುದಿಲ್ಲ. ಹಿಂದಿನ ಎರಡು ಸಲ ರಸ ಕೊಳೆತ ವಾಸನೆ ಹಿಡಿಯಿತು. ತಪ್ಪು ಎಲ್ಲಿದೆ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಮೊದಲಿಗೆ ಒಂದು ಎಚ್ಚರಿಕೆಯ ಮಾತು. ವಿನೆಗರ್ ಉಳಿದಿರುವ ಡಬ್ಬಕ್ಕೆ ಬ್ಲೀಚ್ ಸುರಿಯಬೇಡಿ. ಹುಳಿ ಪದಾರ್ಥದೊಂದಿಗೆ ಬ್ಲೀಚ್ ಬೆರೆತರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಉಸಿರಾಟಕ್ಕೇ ಅಪಾಯ.

ಇನ್ನು ಆ ಪೊರೆಯ ವಿಷಯ. ನಿಮ್ಮ ಕಡೆಯ ಆಳವಾದ ಬೋರ್‌ವೆಲ್‌ಗಳ ನೀರು ಬಹುಪಾಲು ಗಡಸು; ಪಾತ್ರೆಯ ಮೇಲೆ ಅದು ಆರಿದಂತೆಲ್ಲ ಸುಣ್ಣದ ಅಂಶ ತೆಳುವಾಗಿ ಅಂಟಿಕೊಳ್ಳುತ್ತದೆ, ಸೋಪು ಅದರೊಡನೆ ಸೇರಿ ಕೆನೆಯಂತಹ ಜಿಡ್ಡಾಗುತ್ತದೆ. ಅದರಡಿಯಲ್ಲಿ ಹಳೆಯ ರಸ ಮತ್ತು ಸೂಕ್ಷ್ಮಜೀವಿಗಳ ಲೋಳೆ ಉಳಿದುಬಿಡುತ್ತವೆ. ಬ್ಲೀಚ್ ಕೊಳೆಯನ್ನು ತೆಗೆಯುವ ವಸ್ತುವಲ್ಲ. ಕೊಳೆ ಇರುವಲ್ಲಿ ಅದರ ಶಕ್ತಿಯೆಲ್ಲ ಕೊಳೆಯ ಮೇಲೆಯೇ ಖರ್ಚಾಗಿ ಅಡಿಯಲ್ಲಿರುವ ಜೀವಿಗಳನ್ನು ತಲುಪುವುದೇ ಇಲ್ಲ. ತೊಳೆಯುವುದು ಒಂದು ಕೆಲಸ, ರೋಗಾಣು ಕಳೆಯುವುದು ಇನ್ನೊಂದು. ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಲು ಹೊರಟದ್ದರಿಂದಲೇ ಈ ತೊಂದರೆ ಆಗಿರಬೇಕು ಎಂದು ನನಗೆ ತೋರುತ್ತದೆ.

ತಂತಿ ನಾರನ್ನು ಇಂದೇ ಬಿಡಿ. ಗಾಜು, ಪಿಂಗಾಣಿ ಜಾಡಿಗಳಂತಲ್ಲದೆ ಪ್ಲಾಸ್ಟಿಕ್ ಮೃದುವಾದದ್ದು. ಕಣ್ಣಿಗೆ ಕಾಣದ ಗೀರೂ ಜೀವಿಗಳಿಗೆ ಗೂಡಾಗುತ್ತದೆ, ಅಲ್ಲಿಗೆ ಬ್ರಷ್ಷೂ ಇಳಿಯದು, ಔಷಧಿಯೂ ಇಳಿಯದು. ಬೆರಳಾಡಿಸಿದಾಗ ಒಳಮೈ ಒರಟಾಗಿದ್ದರೆ ಆ ಡಬ್ಬವನ್ನು ಕಾಳು ತುಂಬಲು ಇಟ್ಟುಕೊಂಡು, ಹುದುಗಿಸಲು ಹೊಸದನ್ನು ತನ್ನಿ.

ಹೊಸ ಡಬ್ಬವನ್ನು ರಸ ಬಗ್ಗಿಸಿದ ಕೂಡಲೇ, ಒಣಗಲು ಬಿಡದೆ ತಣ್ಣೀರಿನಿಂದ ಜಾಲಿಸಿ. ಕೈಗೆ ತಾಳುವಷ್ಟು ಬಿಸಿಯಾದ ನೀರಿಗೆ ವಾಷಿಂಗ್ ಸೋಡಾ ಕರಗಿಸಿ ಅರ್ಧ ಗಂಟೆ ನೆನೆಯಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಉಜ್ಜಿ ತೊಳೆಯಿರಿ. ನಲ್ಲಿಯನ್ನು ಬಿಚ್ಚಿ, ಅದರ ವಾಷರ್ ಮತ್ತು ತಿರುಪಿನ ಮರೆಗಳ ಸಂದುಗಳನ್ನು ಬೇರೆಬೇರೆಯಾಗಿ ತಿಕ್ಕಬೇಕು. ಅನೇಕ ಮನೆಗಳಲ್ಲಿ ಡಬ್ಬ ಫಳಫಳ ಹೊಳೆಯುತ್ತಿದ್ದರೂ ವಾಸನೆ ಹುಟ್ಟುವುದು ಈ ಜಾಗದಿಂದಲೇ. ರಸ ಇಳಿಸಲು ಕೊಳವೆ ಬಳಸುತ್ತಿದ್ದರೆ, ಒಳಗೆ ಬ್ರಷ್ ಹೋಗದ ಕೊಳವೆ ಮಂಕಾದ ಕೂಡಲೇ ಬದಲಾಯಿಸುವುದೇ ಲೇಸು. ಬಿಳಿ ಪೊರೆಗೆ ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಪೊರೆ ಕರಗಿದ ಮೇಲೆ ಹುಳಿಯ ಅಂಶ ಲವಲೇಶವೂ ಉಳಿಯದಂತೆ ಎರಡು ಮೂರು ಸಲ ಧಾರಾಳವಾಗಿ ತೊಳೆಯಿರಿ.

ಬ್ಲೀಚಿನ ಸರದಿ ಬರುವುದು ಇದಾದ ಮೇಲೆ, ಅದೂ ಹೊಸ ರಸ ತುಂಬುವ ದಿನ. ಪರಿಮಳವಿಲ್ಲದ, ಸೋಡಿಯಂ ಹೈಪೊಕ್ಲೋರೈಟ್ ಶೇ 4 ಎಂದು ನಮೂದಿಸಿರುವ ಬ್ಲೀಚಾದರೆ ಲೀಟರ್ ತಣ್ಣೀರಿಗೆ 5 ಮಿಲಿಲೀಟರ್, ಅಂದರೆ ಒಂದು ಟೀ ಚಮಚ ಹಾಕಿ. ನಾಲ್ಕೈದು ಲೀಟರ್ ಮಾಡಿಕೊಂಡು ಡಬ್ಬದೊಳಗೆಲ್ಲ ಆಡಿಸುತ್ತ ಹತ್ತು ನಿಮಿಷ ಒದ್ದೆಯಾಗಿರಿಸಿ, ಸ್ವಲ್ಪವನ್ನು ನಲ್ಲಿಯ ಮೂಲಕವೂ ಹರಿಸಿ. ಬಿಸಿನೀರಿನಲ್ಲಿ ಬ್ಲೀಚಿನ ಶಕ್ತಿ ಕುಂದುತ್ತದೆ. ಕಲಸಿಟ್ಟ ನೀರನ್ನು ಮರುದಿನಕ್ಕೆ ಉಳಿಸಬೇಡಿ. ಅನಂತರ ಕುದಿಸಿ ಆರಿಸಿದ ನೀರಿನಿಂದ ವಾಸನೆ ಪೂರ್ತಿ ಹೋಗುವ ತನಕ ಜಾಲಿಸಬೇಕು, ಏಕೆಂದರೆ ಉಳಿದ ಕ್ಲೋರಿನ್ ಹಣ್ಣಿನ ರಸದ ಅಂಶಗಳೊಡನೆ ಕೂಡಿ ಔಷಧಿಯಂತಹ ಕಮಟು ತರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಕುದಿಸಿ ಬಳಸಿದರೆ ಸುಣ್ಣ ಮತ್ತೆ ಅಂಟುವುದೂ ಕಡಿಮೆಯಾಗುತ್ತದೆ.

ಡಬ್ಬವನ್ನು ನೆರಳಿನಲ್ಲಿ ಬೋರಲು ಹಾಕಿ ಆರಿಸಿ. ಉಪ್ಪಿನಕಾಯಿ ಜಾಡಿಯನ್ನು ಬಿಸಿಲಿಗಿಡುವ ನಮ್ಮ ಹಿರಿಯರ ಪದ್ಧತಿ ಪಿಂಗಾಣಿಗೆ ಒಳ್ಳೆಯದೇ. ಪ್ಲಾಸ್ಟಿಕ್ ಮಾತ್ರ ದಿನಗಟ್ಟಲೆ ಬಿಸಿಲು ಕುಡಿದರೆ ಪೆಡಸಾಗಿ ಬಿರುಕು ಬಿಡುತ್ತದೆ.

ಪ್ರಶ್ನೆ: ಶುಂಠಿ ಪಾನೀಯ ತುಂಬಲು ಹಳೆಯ ಸೋಡಾ ಬಾಟಲಿಗಳಿಗೆ ಕುದಿಯುವ ನೀರು ಹಾಕಿದೆ, ಎಲ್ಲವೂ ಸೊಟ್ಟಗಾದವು. ಬಿಸಿನೀರೇ ಬೇಡವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಬಾಟಲಿಯ ತಳದ ತ್ರಿಕೋನದೊಳಗಿನ ಅಂಕಿಯನ್ನು ನೋಡಿ. ಸೋಡಾ ಬಾಟಲಿಗಳಲ್ಲಿ ಇರುವುದು 1, ಅಂದರೆ ಪೆಟ್. ಇದು ಸುಮಾರು 70 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಮೆತ್ತಗಾಗುತ್ತದೆ. 5 ಎಂದಿರುವ ಪಾಲಿಪ್ರೊಪಿಲೀನ್ ಕುದಿಯುವ ನೀರನ್ನು ತಾಳುತ್ತದೆ. ಪೆಟ್ ಬಾಟಲಿಗಳಿಗೆ ಉಗುರುಬೆಚ್ಚಗಿನ ಸೋಪುನೀರು, ಬಳಿಕ ಮೇಲೆ ಹೇಳಿದ ಅಳತೆಯ ಬ್ಲೀಚ್ ನೀರು, ಕೊನೆಗೆ ಕುದಿಸಿ ಆರಿಸಿದ ನೀರು ಸಾಕು. ಸೊಟ್ಟಗಾದ ಬಾಟಲಿಗಳು ಒಳಗಿನ ಅನಿಲದ ಒತ್ತಡವನ್ನು ಮೊದಲಿನಂತೆ ತಡೆಯಲಾರವು; ಅವುಗಳಲ್ಲಿ ಪಾನೀಯ ತುಂಬಿ ಮುಚ್ಚಳ ಬಿಗಿಯಬೇಡಿ.